ಅಗ್ನಿಶಾಮಕ ಪದವಿ ಶಿಕ್ಷಣ: ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಿಂದ ನೋಡಿದಾಗ

ಬೆಂಕಿಯ ಗುಣ, ಅದು ಹಬ್ಬುವ ಬಗೆ, ಅದನ್ನು ತಡೆಯುವ ಮತ್ತು ನಂದಿಸುವ ಉಪಾಯ, ಅಪಾಯಕ್ಕೆ ಸಿಕ್ಕಿದವರ ರಕ್ಷಣೆ, ಕಟ್ಟಡ ಮತ್ತು ಕಾರ್ಖಾನೆಗಳ ಸುರಕ್ಷತೆ ಇವನ್ನೆಲ್ಲ ವಿಶ್ವವಿದ್ಯಾಲಯದ ಮಟ್ಟದಲ್ಲಿ ಕಲಿಸುವ ವೃತ್ತಿಶಿಕ್ಷಣವೇ ಅಗ್ನಿಶಾಮಕ ಪದವಿ ಶಿಕ್ಷಣ. ಭಾರತದಲ್ಲಿ ಇದು ಹೆಚ್ಚಾಗಿ ನಾಲ್ಕು ವರ್ಷದ ಎಂಜಿನಿಯರಿಂಗ್ ಪದವಿಯಾಗಿ ಬೆಳೆದಿದೆ. ಅದರ ಆಚೀಚೆ ವಿಜ್ಞಾನ ಪದವಿಗಳು, ವೃತ್ತಿಪರ ಪದವಿಗಳು, ಡಿಪ್ಲೊಮಾಗಳು ಹಾಗೂ ಸೇವೆಗೆ ಸೇರಿದ ಮೇಲೆ ಮಾಡುವ ಅಧಿಕಾರಿ ತರಬೇತಿಗಳಿವೆ. ಕರ್ನಾಟಕದಲ್ಲಿ ಬೆಂಕಿ ನಂದಿಸುವ ಕೆಲಸಕ್ಕೆ ಸೇರಲು ಪದವಿ ಕಡ್ಡಾಯವಲ್ಲ. ಪದವಿ ಬೇಕಾಗುವುದು ಆ ಕೆಲಸ ಮಾಡುವ ತಂಡವನ್ನು ನಡೆಸಲು, ಬೆಂಕಿಯೇ ಬೀಳದಂತೆ ಕಟ್ಟಡ ಮತ್ತು ಯಂತ್ರಗಳನ್ನು ರೂಪಿಸಲು. ಪಿಯುಸಿ ಮುಗಿಸಿದ ಮಕ್ಕಳು ಮತ್ತು ಮನೆಯವರು ಎಡವುವುದು ಬಹುಮಟ್ಟಿಗೆ ಈ ವ್ಯತ್ಯಾಸ ತಿಳಿಯದೆ.

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಮೂಡಿಗೆರೆಯಿಂದ ಬೇರೆಯಾಗಿ ತಾಲ್ಲೂಕಾದ ಕಳಸ ಈ ಶಿಕ್ಷಣವನ್ನು ಒರೆಗೆ ಹಚ್ಚಿ ನೋಡಲು ತಕ್ಕ ಪ್ರದೇಶ. ಕಾಫಿ ತೋಟ, ಶೋಲಾ ಕಾಡು, ಹುಲ್ಲಿನ ಬೋಳುಗುಡ್ಡ, ಘಾಟಿ ರಸ್ತೆ, ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ಕಾರ್ಖಾನೆ, ಹೋಂಸ್ಟೇ ಎಲ್ಲವೂ ಇಲ್ಲಿ ಒಂದರ ಪಕ್ಕದಲ್ಲೊಂದಿವೆ. ಆರು ತಿಂಗಳು ಬೆಂಕಿಯ ಭಯವಾದರೆ ಉಳಿದ ಆರು ತಿಂಗಳು ನೀರು, ಮಣ್ಣು ಮತ್ತು ಮರದ ಭಯ. ನಗರವನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಪಠ್ಯ ಇಂಥ ಊರಿಗೆ ಎಷ್ಟು ಹೊಂದುತ್ತದೆ, ಎಲ್ಲಿ ಸಾಲದಾಗುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಹುದ್ದೆ ಮತ್ತು ಓದು

ಸಂವಿಧಾನದ ವ್ಯವಸ್ಥೆಯಲ್ಲಿ ಅಗ್ನಿಶಾಮಕ ಸೇವೆ ರಾಜ್ಯಗಳ ಹೊಣೆ. 12ನೇ ಅನುಸೂಚಿ ಅದನ್ನು ನಗರಾಡಳಿತದ ಕಾರ್ಯಗಳ ಪಟ್ಟಿಯಲ್ಲೂ ಸೇರಿಸಿದೆ. ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳ ಅಧಿನಿಯಮದ ಆಧಾರದ ಮೇಲೆ ಇಲಾಖೆ ನಿಂತಿದೆ. ಈಗ ಅದರ ಹೆಸರು ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳು. ಹೆಸರಿಗೆ ‘ತುರ್ತು ಸೇವೆಗಳು’ ಸೇರಿದ್ದು ಸಕಾರಣವಾಗಿಯೇ. ಬಾವಿಗೆ ಬಿದ್ದ ದನ, ರಸ್ತೆಗೆ ಅಡ್ಡ ಬಿದ್ದ ಮರ, ಹೊಳೆಯಲ್ಲಿ ಕೊಚ್ಚಿಹೋದವರು, ನಜ್ಜುಗುಜ್ಜಾದ ವಾಹನದಲ್ಲಿ ಸಿಕ್ಕಿಹಾಕಿಕೊಂಡ ಚಾಲಕ ಎಲ್ಲಕ್ಕೂ ಕರೆ ಹೋಗುವುದು ಇದೇ ಠಾಣೆಗೆ. ಕರೆಯ ಸಂಖ್ಯೆ ಹಿಂದಿನಿಂದ 101. ಈಗ 112ರ ಮೂಲಕವೂ ಹೋಗುತ್ತದೆ.

ಇಲಾಖೆಯ ಶ್ರೇಣಿಯಲ್ಲಿ ತಳದಲ್ಲಿ ಅಗ್ನಿಶಾಮಕ ಅಥವಾ ಫೈರ್‌ಮನ್, ಅಗ್ನಿಶಾಮಕ ಚಾಲಕ, ಅವರ ಮೇಲೆ ಪ್ರಮುಖ ಅಗ್ನಿಶಾಮಕ, ಸಹಾಯಕ ಠಾಣಾಧಿಕಾರಿ, ಠಾಣಾಧಿಕಾರಿ, ಮುಂದೆ ಜಿಲ್ಲಾ ಹಾಗೂ ಪ್ರಾದೇಶಿಕ ಅಗ್ನಿಶಾಮಕ ಅಧಿಕಾರಿಗಳು ಬರುತ್ತಾರೆ. ಫೈರ್‌ಮನ್ ಹುದ್ದೆಗೆ ಎಸ್‌ಎಸ್‌ಎಲ್‌ಸಿ ಸಾಕು. ಲಿಖಿತ ಪರೀಕ್ಷೆ, ದೇಹದಾರ್ಢ್ಯ ಮತ್ತು ಸಹಿಷ್ಣುತೆ ಪರೀಕ್ಷೆ, ವೈದ್ಯಕೀಯ ತಪಾಸಣೆ ದಾಟಬೇಕು. ನೇರ ನೇಮಕಾತಿಯ ಠಾಣಾಧಿಕಾರಿಗೆ ಪದವಿ ಬೇಕು. 2020ರ ನೇಮಕಾತಿ ಅಧಿಸೂಚನೆಯನ್ನು ನೋಡಿದರೆ ಪ್ರಮಾಣ ತಿಳಿಯುತ್ತದೆ. ಒಟ್ಟು 1,567 ಹುದ್ದೆಗಳಲ್ಲಿ ಫೈರ್‌ಮನ್ ಹುದ್ದೆ 1,222. ಠಾಣಾಧಿಕಾರಿ ಹುದ್ದೆ 36. ಉಳಿದವು ಚಾಲಕರದು ಮತ್ತು ಚಾಲಕ ಮೆಕ್ಯಾನಿಕ್‌ಗಳದು. ಪದವಿ ಮುಗಿಸಿ ರಾಜ್ಯ ಸೇವೆಯ ಅಧಿಕಾರಿಯಾಗುತ್ತೇನೆಂದು ಹೊರಟವರ ಮುಂದಿರುವ ಬಾಗಿಲು ಕಿರಿದು, ಅದು ತೆರೆಯುವುದೂ ವರ್ಷವರ್ಷವಲ್ಲ. ಇದನ್ನು ಮೊದಲೇ ತಿಳಿದು ಓದಿಗೆ ಕೂರುವುದು ಒಳ್ಳೆಯದು. ಇನ್ನೊಂದೆಡೆ, ಫೈರ್‌ಮನ್ ಆಗಿ ಸೇರಿದವರಿಗೂ ಬಡ್ತಿಯ ದಾರಿಯಿದೆ. ಪದವಿಯ ಜೊತೆಯಲ್ಲೇ ಫೈರ್‌ಮನ್ ಪರೀಕ್ಷೆ ಬರೆಯುವವರೂ ಇದ್ದಾರೆ. ಇದರಲ್ಲಿ ಕೀಳರಿಮೆಯ ಮಾತೇನಿಲ್ಲ.

ಆಯ್ಕೆಯಾದವರಿಗೆ ತರಬೇತಿ ಕೊಡುವ ಮುಖ್ಯ ಕೇಂದ್ರ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಆರ್.ಎ. ಮುಂಡ್ಕೂರ್ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಅಕಾಡೆಮಿ. ಇಲ್ಲಿ ಸಿಗುವುದು ಪದವಿಯಲ್ಲ, ವೃತ್ತಿ ತರಬೇತಿ. ಹೋಸ್ ಬಿಚ್ಚುವುದು, ಏಣಿ ಏರುವುದು, ಹಗ್ಗದ ಗಂಟು ಹಾಕುವುದು, ಹೊಗೆ ತುಂಬಿದ ಕೋಣೆಯಲ್ಲಿ ಉಸಿರಾಟದ ಉಪಕರಣ ಹಾಕಿಕೊಂಡು ತಡಕಾಡುತ್ತ ಸಾಗುವುದು ಮುಂತಾದವನ್ನು ಕಣ್ಣು ಮುಚ್ಚಿಯೂ ಮಾಡುವಷ್ಟು ರೂಢಿಯಾಗಬೇಕು. ಯಾವ ಪದವಿಯೂ ಈ ಕೈಪಳಗಿಕೆಯ ಬದಲಿಗೆ ನಿಲ್ಲಲಾರದು.

ಪದವಿ ಕೊಡುವ ಸಂಸ್ಥೆಗಳು

ಭಾರತದಲ್ಲಿ ಈ ಓದಿನ ತವರು ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು. ಕೇಂದ್ರ ಗೃಹ ಸಚಿವಾಲಯದ ಅಡಿಯಲ್ಲಿ 1956ರಲ್ಲಿ ಉತ್ತರಪ್ರದೇಶದ ರಾಮಪುರದಲ್ಲಿ ಆರಂಭವಾದ ಈ ಕಾಲೇಜು ಮರುವರ್ಷ ನಾಗಪುರಕ್ಕೆ ಬಂತು. ಮೊದಲಿಗೆ ಸೇವೆಯಲ್ಲಿರುವ ಅಧಿಕಾರಿಗಳಿಗೆ ಮಾತ್ರ ತರಬೇತಿ ಕೊಡುತ್ತಿತ್ತು. 1978ರಲ್ಲಿ ನಾಗಪುರ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿ ಅಗ್ನಿ ಎಂಜಿನಿಯರಿಂಗ್ ಬಿ.ಇ. ಪದವಿಯನ್ನು ತೆರೆಯಿತು. ಪ್ರವೇಶ ಅಖಿಲ ಭಾರತ ಮಟ್ಟದ್ದು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ಅಂಕದ ಜೊತೆಗೆ ಎತ್ತರ, ತೂಕ, ದೃಷ್ಟಿಯ ಅರ್ಹತೆಯನ್ನೂ ನೋಡುತ್ತಾರೆ. ದಿನಚರಿಯಲ್ಲಿ ಕವಾಯತು ಮತ್ತು ಡ್ರಿಲ್ ತರಗತಿಯಷ್ಟೇ ಮುಖ್ಯ. ದಶಕಗಳ ಕಾಲ ಗಂಡುಮಕ್ಕಳಿಂದಲೇ ತುಂಬಿದ್ದ ಈ ಕಾಲೇಜಿಗೆ 2002ರಲ್ಲಿ ಹರ್ಷಿಣಿ ಕಾನ್ಹೇಕರ್ ಸೇರಿದರು. ಅಲ್ಲಿಂದ ಪದವಿ ಪಡೆದ ಮೊದಲ ಮಹಿಳೆ ಅವರು. ಆನಂತರ ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ಅಗ್ನಿಶಾಮಕ ಸೇವೆಗೆ ಹೋದರು. ಕಾಫಿ ಸೀಮೆಯ ಹೆಣ್ಣುಮಕ್ಕಳು ಈ ಓದನ್ನು ಆಯ್ದುಕೊಂಡರೆ ದಾರಿ ತೆರೆದೇ ಇದೆ.

ಮಲೆನಾಡಿಗೆ ನಾಗಪುರಕ್ಕಿಂತ ಹತ್ತಿರದ್ದು ಕೊಚ್ಚಿ. ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಶಾಲೆಯಲ್ಲಿ ಸುರಕ್ಷತೆ ಮತ್ತು ಅಗ್ನಿ ಎಂಜಿನಿಯರಿಂಗ್ ವಿಷಯದ ನಾಲ್ಕು ವರ್ಷದ ಬಿ.ಟೆಕ್. ಇದೆ. ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನಲ್ಲಿ ರೈಲು ಹತ್ತಿದರೆ ತಲುಪಬಹುದಾದ ಊರು. ಪ್ರವೇಶಕ್ಕೆ ಆ ವಿಶ್ವವಿದ್ಯಾಲಯದ್ದೇ ಬೇರೆ ಪರೀಕ್ಷೆ. ಕರ್ನಾಟಕದ ಸಿಇಟಿ ಬರೆದರೆ ಅಲ್ಲಿಗೆ ದಾರಿಯಾಗುವುದಿಲ್ಲ. ನಾಗಪುರದ ಓದಿನಲ್ಲಿ ಅಗ್ನಿಶಾಮಕ ಸೇವೆಯ ಶಿಸ್ತು ಹೆಚ್ಚಾದರೆ ಕೊಚ್ಚಿಯ ಓದು ಕಾರ್ಖಾನೆಯ ಸುರಕ್ಷತೆಯ ಕಡೆಗೆ ವಾಲುತ್ತದೆ.

ಕಾಫಿ ಜಿಲ್ಲೆಯೊಳಗಿನ ಕಾಲೇಜುಗಳಿಂದ ಹೋಗುವ ದಾರಿ ಸುತ್ತಿನದು. ಚಿಕ್ಕಮಗಳೂರಿನಲ್ಲಿ 1980ರಲ್ಲಿ ಆರಂಭವಾದ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಮೆಕ್ಯಾನಿಕಲ್, ಸಿವಿಲ್ ಮುಂತಾದ ಶಾಖೆಗಳಿವೆ. ಚಿಕ್ಕಮಗಳೂರಿನ ಐಡಿಎಸ್‌ಜಿ ಸರ್ಕಾರಿ ಕಾಲೇಜು, ಮೂಡಿಗೆರೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಇಂಥ ಕಾಲೇಜುಗಳಲ್ಲಿ ಮೂಲ ಪದವಿ ಮುಗಿಸಿ, ಮುಂದೆ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಮಾಡುವುದು, ಇಲ್ಲವೆ ಅಧಿಕಾರಿ ನೇಮಕಾತಿ ಬರೆಯುವುದು ಮನೆಬಿಟ್ಟು ದೂರ ಹೋಗಲಾಗದವರಿಗೆ ಹೊಂದುವ ಕ್ರಮ. ಠಾಣಾಧಿಕಾರಿ ಹುದ್ದೆಗೆ ಯಾವ ವಿಷಯದ ಪದವಿ ನಡೆಯುತ್ತದೆ ಎಂಬುದನ್ನು ಆಯಾ ಅಧಿಸೂಚನೆಯೇ ಹೇಳುವುದರಿಂದ ಐಚ್ಛಿಕ ವಿಷಯ ಆರಿಸುವ ಮೊದಲೇ ಹಳೆಯ ಅಧಿಸೂಚನೆಗಳನ್ನು ಓದಿ ನೋಡಬೇಕು.

ಇವಲ್ಲದೆ ಅಗ್ನಿ ಸುರಕ್ಷತೆಯ ಹೆಸರಿನಲ್ಲಿ ಆರು ತಿಂಗಳ, ವರ್ಷದ ಪ್ರಮಾಣಪತ್ರ ಕೊಡುವ ಖಾಸಗಿ ಸಂಸ್ಥೆಗಳು ನಗರಗಳಲ್ಲಿ ಬಹಳ. ಕೆಲವು ನಿಜಕ್ಕೂ ಕಲಿಸುತ್ತವೆ. ಕೆಲವಕ್ಕೆ ಮೈದಾನವಿಲ್ಲ, ಪಂಪ್ ಇಲ್ಲ, ಹೊಗೆಕೋಣೆಯಿಲ್ಲ. ಕಪ್ಪುಹಲಗೆಯ ಮೇಲೆ ಬೆಂಕಿಯ ಚಿತ್ರ ಬರೆದು ಕಳಿಸುತ್ತವೆ. 1956ರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಾಯ್ದೆಯಂತೆ ಪದವಿ ಕೊಡುವ ಅಧಿಕಾರವಿರುವುದು ಕಾಯ್ದೆಬದ್ಧ ವಿಶ್ವವಿದ್ಯಾಲಯಗಳಿಗೆ ಮತ್ತು ಹಾಗೆ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಪದವಿ ಯಾರ ಹೆಸರಿನಲ್ಲಿ ಬರುತ್ತದೆ, ಡ್ರಿಲ್ ಮೈದಾನ ಎಲ್ಲಿದೆ ಎಂಬೆರಡನ್ನು ಕೇಳಿ, ಕಣ್ಣಾರೆ ನೋಡಬೇಕು. ತೋಟದ ಕೆಲಸದ ಕೂಲಿಯಲ್ಲಿ ಮಕ್ಕಳನ್ನು ಓದಿಸುವ ಮನೆಗೆ ಇಲ್ಲಿ ತಪ್ಪಿದರೆ ಎರಡನೆಯ ಅವಕಾಶ ಸಿಗುವುದು ಕಷ್ಟ.

ಹೊರದೇಶಗಳಲ್ಲಿ ಈ ಓದು ಹಳೆಯದು. ಅಮೆರಿಕದ ಒಕ್ಲಹೋಮಾ ರಾಜ್ಯ ವಿಶ್ವವಿದ್ಯಾಲಯದಲ್ಲಿ 1937ರಿಂದ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1956ರಿಂದ ಅಗ್ನಿ ಸಂರಕ್ಷಣೆಯನ್ನು ಪ್ರತ್ಯೇಕ ವಿಷಯವಾಗಿ ಕಲಿಸುತ್ತಿದ್ದಾರೆ. ಅಲ್ಲಿಯ ಸಮುದಾಯ ಕಾಲೇಜುಗಳಲ್ಲಿ ಅಗ್ನಿವಿಜ್ಞಾನದ ಎರಡು ವರ್ಷದ ಪದವಿಯೂ ಸಾಮಾನ್ಯ. ಠಾಣೆಯಲ್ಲಿ ಪಾಳಿ ಮುಗಿಸಿ ಬಂದು ಓದುವವರು ಅಲ್ಲಿ ಬಹಳ ಮಂದಿ.

ಏನನ್ನು ಕಲಿಸುತ್ತಾರೆ, ಗುಡ್ಡಕ್ಕೆ ಅದು ಹೇಗೆ ಹೊಂದುತ್ತದೆ

ಮೊದಲ ವರ್ಷ ಎಲ್ಲ ಎಂಜಿನಿಯರಿಂಗ್ ಪದವಿಗಳಂತೆ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಯಂತ್ರಚಿತ್ರಣ. ಮುಂದೆ ಉಷ್ಣಗತಿಶಾಸ್ತ್ರ, ದ್ರವಗಳ ಚಲನೆ, ದಹನ, ಕಟ್ಟಡ ನಿರ್ಮಾಣ, ಹೈಡ್ರಂಟ್, ಸ್ಪ್ರಿಂಕ್ಲರ್ ಮತ್ತು ಹೊಗೆ ಪತ್ತೆ ವ್ಯವಸ್ಥೆಗಳು, ರಾಸಾಯನಿಕ ಅಪಾಯ, ಕೈಗಾರಿಕಾ ಸುರಕ್ಷತೆ, ಕಾನೂನು, ಪ್ರಥಮ ಚಿಕಿತ್ಸೆ, ವಿಪತ್ತು ನಿರ್ವಹಣೆ ಬರುತ್ತವೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ (2016) ನಾಲ್ಕನೆಯ ಭಾಗ ಅಗ್ನಿ ಮತ್ತು ಜೀವ ಸುರಕ್ಷತೆಗೇ ಮೀಸಲಾಗಿದ್ದು, ಅದನ್ನು ಪಠ್ಯಪುಸ್ತಕದಂತೆ ಓದಿಸಲಾಗುತ್ತದೆ.

ಬೆಂಕಿಗೆ ಉರಿಯುವ ವಸ್ತು, ಶಾಖ, ಆಮ್ಲಜನಕ ಮೂರೂ ಬೇಕು; ಅವು ಸೇರಿ ನಡೆಸುವ ಸರಪಳಿ ಕ್ರಿಯೆ ನಾಲ್ಕನೆಯದು. ಒಂದನ್ನು ತಪ್ಪಿಸಿದರೆ ಬೆಂಕಿ ಸಾಯುತ್ತದೆ. ಉರಿಯುವ ವಸ್ತುವಿನ ಮೇಲೆ ವರ್ಗಗಳನ್ನು ಮಾಡಿದ್ದಾರೆ: ಕಟ್ಟಿಗೆ, ಗೋಣಿಚೀಲ, ಹುಲ್ಲು ಎ ವರ್ಗ, ಡೀಸೆಲ್, ಪೆಟ್ರೋಲ್ ಬಿ ವರ್ಗ, ಅಡುಗೆ ಅನಿಲ ಸಿ ವರ್ಗ, ಉರಿಯುವ ಲೋಹಗಳು ಡಿ ವರ್ಗ. ಒಂದು ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ಮತ್ತು ಗೋದಾಮಿನಲ್ಲಿ ಮೊದಲ ಮೂರೂ ಒಂದೇ ಸೂರಿನಡಿ ಸಿಗುತ್ತವೆ. ಎ ವರ್ಗಕ್ಕೆ ನೀರೇ ಔಷಧ. ಒಂದು ಲೀಟರ್ ನೀರು ಆವಿಯಾದಾಗ ಸುಮಾರು 1,700 ಲೀಟರ್ ಆಗಿ ಹಿಗ್ಗುತ್ತದೆ. ಶಾಖವನ್ನು ಹೀರುವುದರ ಜೊತೆಗೆ ಗಾಳಿಯನ್ನೂ ಹೊರದೂಡುತ್ತದೆ. ಅದೇ ನೀರನ್ನು ಉರಿಯುವ ಡೀಸೆಲ್ಲಿನ ಮೇಲೆ ಸುರಿದರೆ ಎಣ್ಣೆ ತೇಲಿ ಬೆಂಕಿ ಹರಡುತ್ತದೆ.

ಕಾಫಿಯ ವ್ಯವಹಾರದಲ್ಲಿ ಬೆಂಕಿಯ ಮೂಲಗಳು ಬೇರೆ ಬೇರೆ. ಕಣದಲ್ಲಿ ಒಣಗಿಸಿದ ಬೀಜ ತನ್ನಷ್ಟಕ್ಕೆ ಹೊತ್ತಿಕೊಳ್ಳುವಂಥದ್ದಲ್ಲ. ಆದರೆ ಕ್ಯೂರಿಂಗ್ ಕಾರ್ಖಾನೆಯ ಹೊಟ್ಟು, ಗಾಳಿಯಲ್ಲಿ ತೇಲುವ ಸಣ್ಣ ದೂಳು, ರಾಶಿ ಬಿದ್ದ ಗೋಣಿಚೀಲ ಕಿಡಿಗೆ ಕಾದಿರುತ್ತವೆ. ಉರಿಯುವ ದೂಳು ಮುಚ್ಚಿದ ಜಾಗದಲ್ಲಿ ದಟ್ಟವಾಗಿ ಹರಡಿದಾಗ ಸ್ಫೋಟಿಸಬಲ್ಲದು ಎಂಬುದು ಪಠ್ಯದ ಒಂದು ಮುಖ್ಯ ಅಧ್ಯಾಯ. ಚಿಕ್ಕಮಗಳೂರಿನ ಕ್ಯೂರಿಂಗ್ ಕೆಲಸಗಾರರು ಅದನ್ನು ನಿತ್ಯದ ಗುಡಿಸುವಿಕೆಯಲ್ಲೇ ನಿಭಾಯಿಸಬೇಕು. ಹಸಿಹಸಿಯಾಗಿ ಒಟ್ಟಿದ ಹುಲ್ಲಿನ ಬಣವೆ ಒಳಗೊಳಗೇ ಕಾದು ಹೊತ್ತಿಕೊಳ್ಳುವುದೂ ಉಂಟು. ಹೊರಗಿನಿಂದ ನೀರು ಹೊಡೆದರೆ ಅದು ಆರುವುದಿಲ್ಲ. ಬಣವೆಯನ್ನು ಬಿಡಿಸಿ ಹರಡಲೇಬೇಕು.

ದ್ರವಗಳ ಚಲನೆಯ ಪಾಠ ಗುಡ್ಡದ ಊರಿನವರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು. ಅಗ್ನಿಶಾಮಕ ವಾಹನ ಸಾಮಾನ್ಯವಾಗಿ ಒಯ್ಯುವುದು 4,500 ಲೀಟರ್ ನೀರು. ನಿಮಿಷಕ್ಕೆ 450 ಲೀಟರ್ ಹರಿಸಿದರೆ ಹತ್ತೇ ನಿಮಿಷ. ನಗರದಲ್ಲಿ ಮುಂದಿನ ಹೈಡ್ರಂಟ್ ಇಲ್ಲವೇ ಟ್ಯಾಂಕರ್ ಸಿಗುತ್ತದೆ. ಎಸ್ಟೇಟಿನಲ್ಲಿ ಕೆರೆಗೆ ಇಲ್ಲವೇ ಹಳ್ಳಕ್ಕೆ ಪಂಪ್ ಇಳಿಸಬೇಕು. ನೀರನ್ನು ಮೇಲೆತ್ತುವುದು ಪಂಪಿನ ಎಳೆತವಲ್ಲ, ಹೊರಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಆ ಒತ್ತಡ ಲೆಕ್ಕದ ಪ್ರಕಾರ 10.3 ಮೀಟರ್ ನೀರನ್ನು ಎತ್ತಬಲ್ಲದು. ವ್ಯವಹಾರದಲ್ಲಿ ಏಳು ಮೀಟರ್ ಆಸುಪಾಸು. ಸಾವಿರ ಮೀಟರ್ ಎತ್ತರದ ಊರಿನಲ್ಲಿ ಗಾಳಿ ತೆಳುವಾಗಿ ಆ ಲೆಕ್ಕದಲ್ಲಿ ಮೀಟರಿಗೂ ಮಿಕ್ಕಿ ಕಳೆದುಹೋಗುತ್ತದೆ. ಮಂಗಳೂರಿನಲ್ಲಿ ನೀರೆತ್ತಿದ ಅದೇ ಪಂಪ್ ಚಿಕ್ಕಮಗಳೂರಿನ ಆಳದ ಕೆರೆಯಲ್ಲಿ ಸೋಲುವುದಕ್ಕೆ ಯಂತ್ರದ ದೋಷವೇ ಕಾರಣವಾಗಬೇಕಿಲ್ಲ.

ಎತ್ತಿದ ನೀರನ್ನು ಮೇಲಕ್ಕೆ ಒಯ್ಯುವುದು ಮುಂದಿನ ಕಷ್ಟ. ಪ್ರತಿ ಹತ್ತು ಮೀಟರ್ ಏರಿಗೆ ಸುಮಾರು ಒಂದು ಬಾರ್ ಒತ್ತಡ ಖರ್ಚಾಗುತ್ತದೆ. ವಾಹನದ ಪಂಪ್ ಸಾಮಾನ್ಯವಾಗಿ ಏಳು ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತದೆ ಎಂದಿಟ್ಟುಕೊಂಡರೆ, ರಸ್ತೆಯಿಂದ ನಲವತ್ತು ಮೀಟರ್ ಮೇಲಿನ ಕಾರ್ಮಿಕರ ಲೈನುಮನೆಗೆ ಹೋಸ್ ಎಳೆದಾಗ ನಾಲ್ಕು ಬಾರ್ ಏರಿಗೇ ಹೋಯಿತು. ಉಳಿದ ಮೂರರಲ್ಲಿ ಹೋಸಿನೊಳಗಿನ ತಿಕ್ಕಾಟಕ್ಕೂ ಪಾಲು ಕೊಡಬೇಕು. ನಡುವೆ ಇನ್ನೊಂದು ಪಂಪ್ ಇಟ್ಟು ನೀರು ದಾಟಿಸಬೇಕೇ, ಸಣ್ಣ ಹೋಸ್ ಸಾಕೇ, ವಾಹನವನ್ನೇ ಮೇಲಿನ ದಾರಿಯಿಂದ ತರಬೇಕೇ ಎಂಬುದನ್ನು ಸ್ಥಳಕ್ಕೆ ಹೋದವರು ಎರಡು ನಿಮಿಷದಲ್ಲಿ ತೀರ್ಮಾನಿಸಬೇಕಾಗುತ್ತದೆ. ಪದವಿಯಲ್ಲಿ ನಾಲ್ಕು ವರ್ಷ ಲೆಕ್ಕ ಹಾಕಿಸುವುದು ಈ ಎರಡು ನಿಮಿಷಕ್ಕಾಗಿ.

ಒಂದು ಅನುಕೂಲವೂ ಈ ನಾಡಿಗಿದೆ. ರೊಬಸ್ಟಾ ತೋಟಗಳಲ್ಲಿ ಹೂಮಳೆ ತಡವಾದರೆ ಫೆಬ್ರುವರಿ–ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ಹಚ್ಚಿ ಹೂ ಬಿಡಿಸುತ್ತಾರೆ. ಬೆಂಕಿಯ ಕಾಲವೂ ಅದೇ. ಅಂದರೆ ಕಾಡು ಒಣಗಿ ನಿಂತ ದಿನಗಳಲ್ಲೇ ತೋಟದ ಕೆರೆಗಳ ಪಕ್ಕ ಡೀಸೆಲ್ ಪಂಪ್‌ಸೆಟ್, ಉದ್ದನೆಯ ಪೈಪು, ಅವನ್ನು ನಡೆಸಬಲ್ಲ ಆಳುಗಳು ಎಲ್ಲವೂ ಸಿದ್ಧವಾಗಿರುತ್ತವೆ. ಆದರೆ ತೋಟದ ಪೈಪಿನ ಜೋಡಣೆ ಬೇರೆ, ಅಗ್ನಿಶಾಮಕ ಹೋಸಿನ 63 ಮಿ.ಮೀ. ಜೋಡಣೆ ಬೇರೆ, ನಡುವೆ ಕೂಡುತುಂಡೊಂದು ಬೇಕು. ಠಾಣೆಯಲ್ಲೂ ದೊಡ್ಡ ತೋಟಗಳಲ್ಲೂ ಇಂಥ ತುಂಡುಗಳನ್ನು ಇಟ್ಟುಕೊಂಡರೆ ಕೆರೆಯ ನೀರು ನೇರವಾಗಿ ಬೆಂಕಿಗೆ ಮುಟ್ಟುತ್ತದೆ. ಯೋಜನಾ ವರದಿಗೆ ವಿಷಯ ಹುಡುಕುವ ಮಲೆನಾಡಿನ ವಿದ್ಯಾರ್ಥಿಗೆ ಇದಕ್ಕಿಂತ ಉಪಯುಕ್ತವಾದದ್ದು ಸಿಗುವುದು ಅಪರೂಪ.

ಕಾಡು ಮತ್ತು ಬೋಳುಗುಡ್ಡದ ಬೆಂಕಿ

ನೆರಳುಮರದಡಿಯ ಅರೇಬಿಕಾ ತೋಟಕ್ಕೆ ಬೆಂಕಿ ಒಳಗಿನಿಂದ ಹುಟ್ಟುವುದು ಕಡಿಮೆ. ಹೊರಗಿನ ಹುಲ್ಲುಗಾವಲಿನಿಂದ, ಲಂಟಾನ ಹಬ್ಬಿದ ಅಂಚಿನಿಂದ, ಸಿಲ್ವರ್ ಓಕಿನ ಒಣ ದರಗಿನ ಮೇಲೆ ಹರಿದು ಬರುತ್ತದೆ. ಮುಳ್ಳಯ್ಯನಗಿರಿ ಮತ್ತು ಬಾಬಾಬುಡನ್‌ಗಿರಿಯ ಸಾಲು, ಬಲ್ಲಾಳರಾಯನದುರ್ಗ, ಕುದುರೆಮುಖದ ಮಗ್ಗುಲು ಎಲ್ಲ ಕಡೆ ನೆತ್ತಿಯಲ್ಲಿ ಹುಲ್ಲು, ಕಣಿವೆಯಲ್ಲಿ ಶೋಲಾ. ಡಿಸೆಂಬರ್ ಕಳೆದರೆ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಮೊದಲ ಮಳೆ ಬೀಳುವವರೆಗೆ ಒಂದು ಕಿಡಿ ಸಾಕು.

ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುತ್ತದೆ. ಜ್ವಾಲೆ ಮುಂದಿನ ಹುಲ್ಲಿನ ಕಡೆಗೆ ಬಾಗಿ ಅದನ್ನು ಮೊದಲೇ ಕಾಯಿಸಿ ಒಣಗಿಸುವುದು ಇದಕ್ಕೆ ಕಾರಣ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಅಗ್ನಿವಿಜ್ಞಾನದ ರೂಢಿಯ ಸೂತ್ರ. ಇಪ್ಪತ್ತು ಡಿಗ್ರಿಗೆ ನಾಲ್ಕು ಪಟ್ಟು. ಆದ್ದರಿಂದ ಬೆಂಕಿಯ ಮೇಲ್ಬದಿಗೆ ನಿಲ್ಲಬಾರದು, ಕಿರಿದಾದ ಕೊರಕಲಿನೊಳಗೆ ಇಳಿಯಬಾರದು, ಸುಟ್ಟು ಕರಿಯಾದ ನೆಲದ ಕಡೆಯಿಂದಲೇ ಕೆಲಸ ಮಾಡಬೇಕು, ತಪ್ಪಿಸಿಕೊಳ್ಳುವ ದಾರಿ ನೋಡಿಟ್ಟುಕೊಂಡೇ ಮುಂದೆ ಹೋಗಬೇಕು. ಗುಡ್ಡದ ಹಳ್ಳಿಗರು ಇದನ್ನು ಅನುಭವದಿಂದ ಬಲ್ಲರು. ಹಸಿ ಸೊಪ್ಪಿನಿಂದ ಬಡಿಯುವುದು, ಅಂಚಿನಲ್ಲಿ ನೆಲ ಕೆರೆದು ಬೆಂಕಿರೇಖೆ ಮಾಡುವುದು, ಗಾಳಿ ನೋಡಿ ಎದುರುಬೆಂಕಿ ಕೊಡುವುದು ಅವರ ಕೈಯಲ್ಲಿರುವ ವಿದ್ಯೆ. ವಾಹನ ಏರಲಾರದ ಜಾಗದಲ್ಲಿ ಇಂದಿಗೂ ಬೆಂಕಿ ಆರುವುದು ಬಹುಪಾಲು ಈ ವಿದ್ಯೆಯಿಂದಲೇ. ಎದುರುಬೆಂಕಿ ಮಾತ್ರ ಗಾಳಿ ತಿರುಗಿದರೆ ಕೊಟ್ಟವರನ್ನೇ ಸುಡುವ ಅಸ್ತ್ರ. ತರಬೇತಿಯಿಲ್ಲದೆ ಅದಕ್ಕೆ ಕೈಹಾಕಬಾರದು.

ಅಪಾಯ ಎಷ್ಟು ನಿಜವೆಂಬುದಕ್ಕೆ ನೆರೆಯಲ್ಲೇ ನಿದರ್ಶನವಿದೆ. 2023ರ ಫೆಬ್ರುವರಿಯಲ್ಲಿ ಪಕ್ಕದ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಕಾಡಿನಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ಸಿಬ್ಬಂದಿ ಸುಟ್ಟಗಾಯಗಳಿಗೆ ಒಳಗಾದರು. ಅವರಲ್ಲಿ ಅರಣ್ಯ ರಕ್ಷಕರೊಬ್ಬರು ತೀರಿಕೊಂಡರು. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳಿಂದ ನೀರು ಸುರಿಯಬೇಕಾಯಿತು.

ಕಾಡಿನ ಬೆಂಕಿ ಅರಣ್ಯ ಇಲಾಖೆಯ ಹೊಣೆ, ಮನೆ ಮತ್ತು ತೋಟದ ಬೆಂಕಿ ಅಗ್ನಿಶಾಮಕ ಇಲಾಖೆಯ ಹೊಣೆ. ಕಾಗದದ ಮೇಲೆ ಗಡಿ ಚೊಕ್ಕ. ನೆಲದ ಮೇಲೆ ಕುದುರೆಮುಖ ರಾಷ್ಟ್ರೀಯ ಉದ್ಯಾನ (1987) ಅಥವಾ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ (1998) ಅಂಚಿನ ತೋಟದಲ್ಲಿ ಅದು ಒಂದು ಬೇಲಿಯಷ್ಟೇ. ಆದರೂ ಹೊಣೆ ಹೀಗೆ ಹಂಚಿಹೋಗಿರುವುದರಿಂದ ಕಾಡಿನ ಬೆಂಕಿಯನ್ನೇ ವೃತ್ತಿಯಾಗಿ ಆರಿಸಿಕೊಳ್ಳಬಯಸುವವರ ಪದವಿ ಬೇರೆ. ಕೊಡಗಿನ ಪೊನ್ನಂಪೇಟೆಯಲ್ಲೂ ಶಿರಸಿಯಲ್ಲೂ ಅರಣ್ಯ ಮಹಾವಿದ್ಯಾಲಯಗಳಿವೆ. ಪೊನ್ನಂಪೇಟೆಯದು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು; ಮೂಡಿಗೆರೆಯ ತೋಟಗಾರಿಕೆ ಕಾಲೇಜು ಕೂಡ ಅದೇ ವಿಶ್ವವಿದ್ಯಾಲಯದ್ದು. ಅರಣ್ಯ ವಿಜ್ಞಾನದ ನಾಲ್ಕು ವರ್ಷದ ಓದಿನಲ್ಲಿ ಅರಣ್ಯ ಸಂರಕ್ಷಣೆಯ ಭಾಗವಾಗಿ ಬೆಂಕಿಯ ವಿಷಯವೂ ಬರುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹದಿಂದ ಬೆಂಕಿಯ ತಾಣ ಗುರುತಿಸಿ ಎಚ್ಚರಿಕೆ ಕಳಿಸುತ್ತದೆ. ಅದರಲ್ಲಿ ಬಳಸುವ ಒಂದು ಸಂವೇದಕದ ಚಿತ್ರದ ಸೂಕ್ಷ್ಮತೆ 375 ಮೀಟರ್. ಗುಡ್ಡದ ಯಾವ ಮಗ್ಗುಲು ಉರಿಯುತ್ತಿದೆ ಎಂದು ತಿಳಿಯಲು ಅದು ಸಾಕು, ತಂಡವನ್ನು ಯಾವ ಕಾಲುದಾರಿಯಲ್ಲಿ ಕಳಿಸಬೇಕೆಂದು ಹೇಳಲು ಸಾಲದು. ಆ ಕಾಲುದಾರಿ ಬಲ್ಲವರು ಊರಿನ ಬೆಂಕಿ ಕಾವಲುಗಾರರು. ಎರಡೂ ಇಲಾಖೆಗಳ ಪಠ್ಯದಲ್ಲಿ ಇನ್ನೊಂದರ ಕೆಲಸಕ್ಕೆ ಸಿಗುವ ಜಾಗ ಚಿಕ್ಕದು. ಕಾಡಿಗೆ ತಾಗಿದ ಊರುಗಳಿರುವ ರಾಜ್ಯದಲ್ಲಿ ಇದು ಸರಿಪಡಿಸಬೇಕಾದ ಕೊರತೆ.

ಮಳೆಗಾಲದ ಕೆಲಸ

ಜೂನ್ ಬಂದರೆ ಠಾಣೆಯ ಕೆಲಸದ ರೂಪವೇ ಬದಲಾಗುತ್ತದೆ. ಬಿದ್ದ ಮರ ಕೊಯ್ದು ದಾರಿ ಬಿಡಿಸುವುದು, ಹೊಳೆಯಲ್ಲಿ ಹುಡುಕುವುದು, ಕುಸಿದ ಮಣ್ಣಿನಡಿ ಸಿಕ್ಕವರನ್ನು ತೆಗೆಯುವುದು ಮುಖ್ಯವಾಗುತ್ತದೆ. 2019ರ ಆಗಸ್ಟಿನ ಮಳೆಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ, ಅಲೇಖಾನ್ ಹೊರಟ್ಟಿ ಕಡೆ ಗುಡ್ಡ ಜಾರಿ ಮನೆ ಮತ್ತು ತೋಟಗಳು ಹೋದವು. ಚಾರ್ಮಾಡಿ ಘಾಟಿಯಲ್ಲಿ ಸಂಚಾರ ನಿಂತಿತು. ಭದ್ರೆ ಉಕ್ಕಿದಾಗ ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗುವುದು ಆ ಕಡೆಯವರಿಗೆ ಚಿರಪರಿಚಿತ ಸಂಗತಿ. ಸೇತುವೆ ಮುಳುಗಿದರೆ ವಾಹನವಿದ್ದೂ ಪ್ರಯೋಜನವಿಲ್ಲ. ತಂಡ ಯಾವ ದಡದಲ್ಲಿ ಇರಬೇಕೆಂಬುದನ್ನು ಮಳೆ ಬರುವ ಮೊದಲೇ ಯೋಚಿಸಿರಬೇಕು. ದೀಪಾವಳಿಯಲ್ಲಿ ದೇವೀರಮ್ಮನ ಬೆಟ್ಟಕ್ಕೆ ಸಾವಿರಾರು ಜನ ಹತ್ತುವಾಗ ಜಾರುಹಾದಿಯಲ್ಲಿ ಕಾಲು ಮುರಿದವರನ್ನು ಕೆಳಗಿಳಿಸುವುದೂ ಇದೇ ಜಾತಿಯ ಕೆಲಸ.

ತೋಟದ ಕೆಲಸವೂ ಅಪಾಯ ತರುತ್ತದೆ. ಮೆಣಸು ಕೊಯ್ಯುವ, ಮರಗಸಿ (ನೆರಳುಮರದ ಕೊಂಬೆ ಕತ್ತರಿಸುವುದು) ಮಾಡುವ ಕಾಲದಲ್ಲಿ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗಲಿ ಕಾರ್ಮಿಕರು ಸಾಯುವುದು ಕಾಫಿ ನಾಡಿನಲ್ಲಿ ಮತ್ತೆ ಮತ್ತೆ ಆಗುವ ದುರಂತ. ತಂತಿಗೆ ತಗಲಿದವರನ್ನು ಮುಟ್ಟುವ ಮೊದಲು ವಿದ್ಯುತ್ ಕಡಿದದ್ದು ಖಚಿತವಾಗಬೇಕು ಎಂಬುದು ರಕ್ಷಣಾ ಪಾಠದ ಮೊದಲ ಅಕ್ಷರ. ಪಲ್ಪರ್ ನೀರಿನ ಗುಂಡಿ, ಹಳೆಯ ಬಾವಿ, ಗೋಬರ್ ಅನಿಲದ ತೊಟ್ಟಿಗಳಲ್ಲಿ ವಿಷಾನಿಲ ನಿಂತಿರುತ್ತದೆ. ಒಬ್ಬ ಬಿದ್ದನೆಂದು ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಇಳಿದು ಮೂವರೂ ಹೋಗುವ ಕಥೆಗಳು ಇಂಥ ಗುಂಡಿಗಳಿಂದಲೇ ಹುಟ್ಟುತ್ತವೆ. ಗಾಳಿ ಪರೀಕ್ಷಿಸದೆ, ಉಸಿರಾಟದ ಉಪಕರಣ ಮತ್ತು ಹಗ್ಗವಿಲ್ಲದೆ ಇಳಿಯಬಾರದು ಎಂಬ ಒಂದು ವಾಕ್ಯ ಪದವಿ ತರಗತಿಯಿಂದ ಹೊರಬಂದು ಲೈನುಮನೆಗಳವರೆಗೆ ತಲುಪಿದರೆ ಉಳಿಯುವ ಜೀವಗಳು ಹಲವು.

ದೂರದ ಲೆಕ್ಕ ಬೇರೆ. ಗ್ರಾಮೀಣ ಪ್ರದೇಶಕ್ಕೆ ಅಗ್ನಿಶಾಮಕ ವಾಹನ 20 ನಿಮಿಷದಲ್ಲಿ ತಲುಪಬೇಕೆಂಬುದು ದೇಶದಲ್ಲಿ ಒಪ್ಪಿಕೊಂಡ ಮಾನದಂಡ. ಮೂಡಿಗೆರೆಯಿಂದ ಕೊಟ್ಟಿಗೆಹಾರ, ಬಾಳೂರು ದಾಟಿ ಕಳಸದ ಕಡೆಗೆ ಹೋಗುವುದೇ ಗಂಟೆಗೂ ಮಿಕ್ಕಿದ ತಿರುವಿನ ಹಾದಿ; ಅಲ್ಲಿಂದ ಒಳಗಿನ ಎಸ್ಟೇಟುಗಳಿಗೆ ಜೀಪೇ ಗತಿ. ಇಂಥ ಕಡೆ ಮೊದಲ ಅರ್ಧ ಗಂಟೆಯ ಅಗ್ನಿಶಾಮಕರೆಂದರೆ ತೋಟದ ಕೆಲಸಗಾರರೇ. ಪದವಿ ಓದಿದ ಅಧಿಕಾರಿಯ ಸಾಮರ್ಥ್ಯ ಅವರನ್ನು ತಯಾರು ಮಾಡುವುದರಲ್ಲಿ ಕಾಣಬೇಕು. ಕೇಂದ್ರ ಸರ್ಕಾರ ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕೆ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ಅದೇ ವರ್ಷ ಬೆಂಗಳೂರಿಗೆ 90 ಮೀಟರ್ ಎತ್ತರ ಮುಟ್ಟುವ ಏಣಿವಾಹನ ಬಂತು. ಮಹಾನಗರಕ್ಕೆ ಅದು ಬೇಕು. ಘಾಟಿ ತಾಲ್ಲೂಕುಗಳಿಗೆ ಬೇಕಾದದ್ದು ಕಿರಿದಾದ ದಾರಿಯಲ್ಲಿ ಹೋಗುವ ಸಣ್ಣ ವಾಹನ, ಹೊತ್ತು ಒಯ್ಯಬಹುದಾದ ಪಂಪ್, ಮರ ಕೊಯ್ಯುವ ಯಂತ್ರ.

ಪದವಿಯ ನಂತರ

ರಾಜ್ಯ ಸೇವೆಯ ಹೊರಗೆ ಅವಕಾಶ ಹೆಚ್ಚು. 1948ರ ಕಾರ್ಖಾನೆಗಳ ಕಾಯ್ದೆಯ 40-ಬಿ ಕಲಮು ಸಾವಿರ ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಸುರಕ್ಷತಾ ಅಧಿಕಾರಿ ಇರಬೇಕೆಂದು ವಿಧಿಸಿತು. ಅಪಾಯಕರ ಪ್ರಕ್ರಿಯೆಯ ಕಾರ್ಖಾನೆಗಳಲ್ಲೂ ಅಂಥ ನೇಮಕವನ್ನು ಸರ್ಕಾರ ಕೇಳಬಹುದಾಗಿತ್ತು. ಘಾಟಿಯ ಕೆಳಗೆ ಮಂಗಳೂರಿನಲ್ಲಿ ತೈಲ ಸಂಸ್ಕರಣಾಗಾರ, ಬಂದರು, ಗೊಬ್ಬರದ ಕಾರ್ಖಾನೆಗಳಿವೆ. ಕುದುರೆಮುಖದ ಗಣಿ 2005ರ ಕೊನೆಯಲ್ಲಿ ನಿಂತ ಮೇಲೆ ಮಲೆನಾಡಿನ ತಂತ್ರಜ್ಞರು ಕೆಲಸಕ್ಕೆ ನೋಡುವುದು ಆ ಕರಾವಳಿಯ ಕಡೆಗೇ. ವಿಮಾನ ನಿಲ್ದಾಣ ಪ್ರಾಧಿಕಾರದ ಅಗ್ನಿಶಾಮಕ ಸೇವೆಯಲ್ಲಿ ಕಿರಿಯ ಸಹಾಯಕರಿಗೆ ಪಿಯುಸಿ ಅಥವಾ ಡಿಪ್ಲೊಮಾದ ಜೊತೆಗೆ ವಾಹನ ಚಾಲನಾ ಪರವಾನಗಿ ಬೇಕು. ಕಿರಿಯ ಕಾರ್ಯನಿರ್ವಾಹಕರಿಗೆ ಅಗ್ನಿ, ಮೆಕ್ಯಾನಿಕಲ್ ಅಥವಾ ಆಟೊಮೊಬೈಲ್ ಎಂಜಿನಿಯರಿಂಗ್ ಪದವಿ. ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೂ ತನ್ನದೇ ಅಗ್ನಿಶಾಮಕ ವಿಭಾಗವಿದೆ. ಕೊಲ್ಲಿ ದೇಶಗಳ ತೈಲ ಕಂಪನಿಗಳಿಗೆ ಹೋಗುವವರೂ ಇದ್ದಾರೆ.

ಕಟ್ಟಡಗಳ ಅಗ್ನಿ ಸುರಕ್ಷತಾ ವಿನ್ಯಾಸ ಮತ್ತು ತಪಾಸಣೆ ಮತ್ತೊಂದು ಕ್ಷೇತ್ರ. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ತೊಂಬತ್ತಕ್ಕೂ ಹೆಚ್ಚು ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. 2010ರ ಫೆಬ್ರುವರಿ 23ರಂದು ಅದೇ ನಗರದ ಬಹುಮಹಡಿ ಕಟ್ಟಡ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ತೀರಿಕೊಂಡರು. ಅಲ್ಲಿ ಜನರನ್ನು ಕಿಟಕಿಯಿಂದ ಹಾರುವಂತೆ ಮಾಡಿದ್ದು ಉರಿಗಿಂತ ಹೆಚ್ಚಾಗಿ ಹೊಗೆ. ಹೊರದಾರಿ ತೆರೆದಿರಬೇಕು, ಹೊಗೆಗೆ ದಾರಿ ಬೇರೆ ಇರಬೇಕು ಎಂಬ ಪಾಠ ಬಹುಮಹಡಿಗಳಿಗೆ ಮಾತ್ರ ಸಲ್ಲುವುದಲ್ಲ. ಮುಳ್ಳಯ್ಯನಗಿರಿಯ ತಪ್ಪಲಿನಿಂದ ಕಳಸದವರೆಗೆ ಹಬ್ಬಿರುವ ಹೋಂಸ್ಟೇ, ರೆಸಾರ್ಟುಗಳಲ್ಲಿ ಮರದ ಮಹಡಿ, ಹುಲ್ಲಿನ ಮಾಡು, ಅಡುಗೆ ಅನಿಲ, ರಾತ್ರಿಯ ಶಿಬಿರಾಗ್ನಿ ಸಾಮಾನ್ಯ. ಇವುಗಳ ತಪಾಸಣೆ ಬಲ್ಲವರಿಗೆ ಊರಿನಲ್ಲೇ ಕೆಲಸವಿದೆ.

ಸೇವೆಯಲ್ಲಿದ್ದೂ ಓದು ಮುಂದುವರಿಸಬಹುದು. ನಾಗಪುರದ ಕಾಲೇಜಿನಲ್ಲಿ ಉಪಾಧಿಕಾರಿ, ಠಾಣಾಧಿಕಾರಿ, ವಿಭಾಗಾಧಿಕಾರಿ ಮಟ್ಟದ ತರಬೇತಿಗಳು ನಡೆಯುತ್ತವೆ. ಇನ್‌ಸ್ಟಿಟ್ಯೂಷನ್ ಆಫ್ ಫೈರ್ ಎಂಜಿನಿಯರ್ಸ್‌ನ ಭಾರತ ಶಾಖೆ ಹಂತಹಂತದ ಪರೀಕ್ಷೆಗಳನ್ನು ನಡೆಸುತ್ತದೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಫೈರ್‌ಮನ್ ಆಗಿ ಸೇರಿದವರು ದೂರಶಿಕ್ಷಣದಲ್ಲಿ ಪದವಿ ಮುಗಿಸಿ ಇಂಥ ತರಬೇತಿ ಮತ್ತು ಪರೀಕ್ಷೆಗಳಿಗೆ ಸಿದ್ಧರಾಗಬಹುದು. ಇವರಿಗೆ ಹೋಸ್ ಹಿಡಿದ ಕೈಯ ಅನುಭವ ಮೊದಲು ಬಂದಿರುತ್ತದೆ, ಲೆಕ್ಕ ಆಮೇಲೆ ಸೇರುತ್ತದೆ. ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಠಾಣೆಗಳು ಸಾರ್ವಜನಿಕರಿಗೆ ಪ್ರಾತ್ಯಕ್ಷಿಕೆ ತೋರಿಸುವ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಹಡಗು ಸ್ಫೋಟದಲ್ಲಿ ಮಡಿದ ಅಗ್ನಿಶಾಮಕರ ನೆನಪಿಗೆ ಆ ದಿನವನ್ನು ಆರಿಸಿದ್ದಾರೆ. ಈ ಓದಿನ ಬಗ್ಗೆ ಯೋಚಿಸುತ್ತಿರುವ ವಿದ್ಯಾರ್ಥಿಗೆ ಹತ್ತಿರದ ಠಾಣೆಯೊಳಗೆ ಹೋಗಿ ಪಂಪ್, ಹೋಸ್, ಉಸಿರಾಟದ ಉಪಕರಣಗಳನ್ನು ಮುಟ್ಟಿ ನೋಡಿ, ಸಿಬ್ಬಂದಿಯನ್ನು ಕೇಳಿ ತಿಳಿಯಲು ತಕ್ಕ ವಾರ ಅದು.